ಗೂಡು ಹೋಗ್ಲಿ, ಆಮೇಲೆ ನೋಡೋಣ

ಭಾಗ 1

ಈ ವಿಡಿಯೋ ನೆನಪಿದ್ಯಾ? ಜೂನ್ 11ಕ್ಕೆ ಹಾಕಿದ್ದ ರೀಲ್. ನಾಲ್ಕನೇ ಜ್ವರದಿಂದ ಎದ್ದ ರೇಷ್ಮೆ ಹುಳ ಸೊಪ್ಪು ತಿನ್ನೋ ಸದ್ದು ಮಳೆ ಬಂದ ಹಾಗೇ ಕೇಳುತ್ತೆ ಅಂತ ಬರೆದಿದ್ದೆ. ನಿಮ್ಮಲ್ಲಿ ಎಷ್ಟೋ ಜನ ಹಾರ್ಟ್ ಹಾಕಿದ್ರಿ. ನಮ್ಮ ಕಡೆ ಗೊತ್ತಿಲ್ಲದವರು "ಹುಳಕ್ಕೂ ಜ್ವರ ಬರುತ್ತಾ?" ಅಂತ ಕೇಳಿದ್ರು. ಬರಲ್ಲ. ಪೊರೆ ಬಿಡೋ ಮುಂಚೆ ಹುಳ ತಿನ್ನೋದು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತಲ್ಲ, ಅದಕ್ಕೆ ನಮ್ಮ ಶಿಡ್ಲಘಟ್ಟದ ಕಡೆ ಜ್ವರ ಅಂತಾರೆ. ಒಂದು ಬೆಳೆಗೆ ನಾಲ್ಕು ಜ್ವರ.

ಅದೇ ವಿಡಿಯೋ ಮತ್ತೆ ಹಾಕಿದ್ದೀನಿ. ಈ ಸಲ ಹುಳ ನೋಡಬೇಡಿ. ಹಿಂದೆ ಬಾಗಿಲಿಂದ ಸೊಪ್ಪಿನ ಹೊರೆ ಹೊತ್ಕೊಂಡು ಒಬ್ಬರು ಬರ್ತಾರಲ್ಲ, ಅವರು ನಮ್ಮಪ್ಪ. ಅವರ ಎಡಗಾಲು ನೋಡಿ. ಹೊಸ್ತಿಲು ದಾಟುವಾಗ ಪಾದ ಮೇಲೆ ಏಳಲ್ಲ, ನೆಲಕ್ಕೆ ಉಜ್ಜಿಕೊಂಡು ಬರುತ್ತೆ. ಆ ವಿಡಿಯೋ ನಾನೇ ಎಡಿಟ್ ಮಾಡಿದ್ದು, ಸೌಂಡ್ ಸರಿ ಮಾಡಿದ್ದು, ಕಡಿಮೆ ಅಂದ್ರೂ ಇಪ್ಪತ್ತು ಸಲ ನೋಡಿದ್ದೆ. ಕಾಲು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಐದು ತಿಂಗಳಿಂದ ಕ್ಲಾಸಿಗೆ ಯಾಕೆ ಸರಿಯಾಗಿ ಬರ್ತಿಲ್ಲ ಅಂತ ಡಿಎಂ ಮಾಡಿದವರಿಗೆಲ್ಲ ಇದೇ ಉತ್ತರ. ಒಂದೇ ಪೋಸ್ಟಲ್ಲಿ ಹಿಡಿಸಲ್ಲ, ಭಾಗ ಭಾಗ ಮಾಡಿ ಹಾಕ್ತೀನಿ. ಅಪ್ಪನ್ನ ಕೇಳಿಯೇ ಹಾಕ್ತಿರೋದು. "ಹಾಕು, ನನ್ನ ಮುಖ ಮಾತ್ರ ಹಾಕಬೇಡ" ಅಂದ್ರು. ಅದಕ್ಕೇ ಮುಖ ಬ್ಲರ್ ಮಾಡಿದ್ದೀನಿ.

ಭಾಗ 2

ಅಪ್ಪನಿಗೆ ಬೆನ್ನು ನೋವು ಶುರುವಾಗಿದ್ದು ಯುಗಾದಿ ಆದಮೇಲೆ. ನಮ್ಮ ಮನೇಲಿ ಬೆನ್ನು ನೋವು ಅಂದ್ರೆ ಯಾರೂ ತಿರುಗಿ ನೋಡಲ್ಲ. ಹಿಪ್ಪುನೇರಳೆ ತೋಟ ಇರೋರ ಮನೇಲಿ ಬೆನ್ನು ನೋವಿಲ್ಲದೆ ಇರೋರು ಯಾರಿದ್ದಾರೆ ಹೇಳಿ? ಬಗ್ಗಿ ಕಡ್ಡಿ ಕುಯ್ಯಬೇಕು, ಹೊರೆ ಹೊರಬೇಕು. ಅಮ್ಮನಿಗೆ ನೋವು, ಅಜ್ಜಿಗೆ ನೋವು, ಒಂದು ವಾರ ಸೊಪ್ಪು ಕುಯ್ದ್ರೆ ನನಗೂ ನೋವು. ಆಯಿಂಟ್ಮೆಂಟ್ ಹಚ್ಚಿಕೊಳ್ಳೋದು, ಮಲಗೋದು.

ಆದ್ರೆ ಅಪ್ಪನ ನೋವು ಬೇರೆ ಥರ ಇತ್ತು, ಅದು ನಮಗೆ ಈಗ ಗೊತ್ತು. ನಮ್ಮ ನೋವೆಲ್ಲ ಸೊಂಟದಲ್ಲಿ. ಅವರದ್ದು ಮೇಲೆ, ಎರಡು ರೆಕ್ಕೆ ಮೂಳೆ ಇರುತ್ತಲ್ಲ, ಅದಕ್ಕಿಂತ ಸ್ವಲ್ಪ ಕೆಳಗೆ, ಬೆನ್ನಿನ ನಡುಮಧ್ಯ. ನಮ್ಮ ನೋವು ಮಲಗಿದ್ರೆ ಕಡಿಮೆ ಆಗುತ್ತೆ. ಅವರದ್ದು ಮಲಗಿದ್ರೆ ಜಾಸ್ತಿ. ರಾತ್ರಿ ಎರಡು ಗಂಟೆಗೆ ಎದ್ದು ಗೋಡೆಗೆ ಒರಗಿ ಕೂತಿರೋರು. ಪರೀಕ್ಷೆಗೆ ಓದುವಾಗ ಎಷ್ಟು ರಾತ್ರಿ ನೋಡಿದ್ದೀನೋ. "ಯಾಕಪ್ಪಾ ಮಲಗಿಲ್ವಾ?" ಅಂದ್ರೆ "ಹುಳಕ್ಕೆ ಸೊಪ್ಪು ಹಾಕಬೇಕಲ್ಲಮ್ಮ" ಅನ್ನೋರು. ಹುಳ ಇರೋ ಮನೇಲಿ ರಾತ್ರಿ ಎದ್ದಿರೋದಕ್ಕೆ ಇದಕ್ಕಿಂತ ಒಳ್ಳೆ ಕಾರಣ ಬೇಕಾ? ನಾನು ನಂಬಿದೆ.

ಮೇ ತಿಂಗಳಲ್ಲಿ ನೋವು ಮುಂದಕ್ಕೆ ಬಂತು. ಎದೆ ಕೆಳಗೆ ಸುತ್ತ ಹಗ್ಗ ಹಾಕಿ ಬಿಗಿದ ಹಾಗೆ ಆಗುತ್ತೆ, ಕೆಮ್ಮಿದ್ರೆ ಚುಚ್ಚುತ್ತೆ ಅಂದ್ರು. ಒಂದು ಕ್ಲಿನಿಕ್‌ನಲ್ಲಿ ಇಸಿಜಿ ತೆಗೆದ್ರು, ಹಾರ್ಟ್ ಸರಿ ಇದೆ, ಗ್ಯಾಸ್ ಅಂದ್ರು. ಇನ್ನೊಂದು ಕಡೆ ಎಕ್ಸ್‌ರೇ ತೆಗೆದು "ವಯಸ್ಸಾಯ್ತಲ್ಲ, ಮೂಳೆ ಸವೆದಿದೆ" ಅಂದ್ರು. ಅಪ್ಪನಿಗೆ 52. ಚಿಂತಾಮಣಿ ಕಡೆ ಒಬ್ಬರು ಎಣ್ಣೆ ಹಾಕಿ ತಿಕ್ಕಿ ಸರಿ ಮಾಡ್ತಾರೆ ಅಂತ ಚಿಕ್ಕಪ್ಪ ಟೊಮ್ಯಾಟೊ ಟೆಂಪೋದಲ್ಲೇ ಕೂರಿಸಿಕೊಂಡು ಹೋದ್ರು. ಮೂರು ವಾರ, ಮೂರು ಸಲ. ಕ್ಯಾನ್ಸರ್ ತಿಂದಿದ್ದ ಮೂಳೆ ಮೇಲೆ ಆ ಮನುಷ್ಯ ಮೊಣಕೈ ಊರಿ ತಿಕ್ಕಿದ್ದಾನೆ. ನೆನೆಸಿಕೊಂಡ್ರೆ ಈಗಲೂ ಮೈ ಜುಮ್ ಅನ್ನುತ್ತೆ. ಅವನ ತಪ್ಪು ಅಂತ ಹೇಳ್ತಿಲ್ಲ, ಅವನಿಗೇನು ಗೊತ್ತು.

ಎಕ್ಸ್‌ರೇ ಬಗ್ಗೆ ಒಂದು ಮಾತು. ಮೂಳೆ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಹಾಳಾಗೋವರೆಗೂ ಎಕ್ಸ್‌ರೇಲಿ ಅದು ಸರಿಯಾಗಿ ಕಾಣದೇ ಇರಬಹುದಂತೆ. "ಎಕ್ಸ್‌ರೇಲಿ ಏನೂ ಇಲ್ಲ" ಅಂದ್ರೆ ಬೆನ್ನಲ್ಲಿ ಏನೂ ಇಲ್ಲ ಅಂತ ಅಲ್ಲ. ನಾವು ಹಾಗಂತ ತಿಳ್ಕೊಂಡು ಮನೆಗೆ ಬಂದ್ವಿ.

ಭಾಗ 3

ಫೋಟೋದಲ್ಲಿ ಇರೋದು ಒಂಟಿ ಚಪ್ಪಲಿ. ಎಡಗಾಲಿಂದು. ಜೂನ್ 9ಕ್ಕೆ ಅಪ್ಪ ತೋಟದಿಂದ ಬಂದಾಗ ಬಲಗಾಲಲ್ಲಿ ಮಾತ್ರ ಚಪ್ಪಲಿ ಇತ್ತು. ಇನ್ನೊಂದು ಎಲ್ಲಿ ಅಂದ್ರೆ ಕಾಲು ನೋಡ್ಕೊಂಡು ಅವರೇ ಆಶ್ಚರ್ಯಪಟ್ರು. ಜಾರಿ ಬಿದ್ದಿದ್ದು ಗೊತ್ತೇ ಆಗಿಲ್ಲ. ತಮ್ಮ ಹೋಗಿ ಸಾಲಲ್ಲಿ ಹುಡುಕಿ ತಂದ. ನಾವೆಲ್ಲ ನಕ್ಕಿದ್ವಿ. ಅಪ್ಪನೂ ನಕ್ಕರು.

ಮಾರನೇ ದಿನ ಅಮ್ಮನ ಹತ್ರ "ಕಾಲು ನನ್ನ ಮಾತು ಕೇಳ್ತಿಲ್ಲ ಕಣೇ, ಕೆಸರಲ್ಲಿ ನಡೆದ ಹಾಗಾಗುತ್ತೆ" ಅಂದಿದ್ದಾರೆ. ಅಮ್ಮ ಆಸ್ಪತ್ರೆಗೆ ಹೋಗೋಣ ಅಂದ್ಲು. ಅವತ್ತೇ ಹುಳ ನಾಲ್ಕನೇ ಜ್ವರದಿಂದ ಎದ್ದಿತ್ತು.

ರೇಷ್ಮೆ ಮನೆಯವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಮಿಕ್ಕವರಿಗೆ ಹೇಳ್ತೀನಿ. ಒಂದು ಹುಳ ಇಡೀ ಜೀವಮಾನದಲ್ಲಿ ತಿನ್ನೋ ಸೊಪ್ಪಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ತಿನ್ನೋದು ನಾಲ್ಕನೇ ಜ್ವರ ಆದಮೇಲಿನ ಏಳೆಂಟು ದಿನದಲ್ಲಿ. ಒಂದು ಹೊತ್ತು ತಪ್ಪಿದ್ರೆ ಗೂಡು ತೆಳ್ಳಗಾಗುತ್ತೆ, ಶಿಡ್ಲಘಟ್ಟ ಮಾರ್ಕೆಟ್‌ನಲ್ಲಿ ರೀಲರ್ ಕೈಯಲ್ಲಿ ಹಿಡಿದು ನೋಡಿ ಬಿಟ್ಟು ಹೋಗ್ತಾನೆ. ಆ ವಾರ ಮದುವೆಗೆ ಹೋಗಲ್ಲ, ಸಾವಿಗೆ ಹೋದ್ರೂ ಸ್ನಾನ ಮಾಡದೆ ಹುಳದ ಮನೆಗೆ ಕಾಲಿಡಲ್ಲ. ಬಿತ್ತನೆ ತಂದ ಸಾಲ, ನನ್ನ ಫೀಸು, ತಮ್ಮನ ಪಿಯುಸಿ, ಎಲ್ಲಾ ಆ ಗೂಡಿನ ಮೇಲೇ.

"ಗೂಡು ಹೋಗ್ಲಿ, ಆಮೇಲೆ ನೋಡೋಣ" ಅಂದ್ರು ಅಪ್ಪ. ಅಮ್ಮ ಮತ್ತೆ ಕೇಳಿದ್ದಕ್ಕೆ ತೆಲುಗಲ್ಲಿ "ಏಮೀ ಲೇದು ಪೋ" ಅಂತ ಕಳಿಸಿದ್ರು. ನಮ್ಮನೇಲಿ ಮಾತು ತೆಲುಗಿಗೆ ತಿರುಗಿತು ಅಂದ್ರೆ ಮುಗೀತು ಅಂತ ಅರ್ಥ.

ಇನ್ನೊಂದು ವಿಷಯ ಅವರು ಯಾರಿಗೂ ಹೇಳಿರಲಿಲ್ಲ. ಮೂತ್ರಕ್ಕೆ ಹೋದ್ರೆ ತುಂಬಾ ಹೊತ್ತು ನಿಲ್ಲಬೇಕಾಗ್ತಿತ್ತು, ಬಂದ ಹಾಗೆ ಆಗಿ ಬರ್ತಿರಲಿಲ್ಲ. ನಾಚಿಕೆ. ಇದು ಶುರುವಾಗಿ ನಾಲ್ಕು ದಿನ ಆಗಿತ್ತು ಅಂತ ನಮಗೆ ಗೊತ್ತಾಗಿದ್ದು ಡಾಕ್ಟರ್ ಕೇಳಿದಾಗ.

ಭಾಗ 4

ಬೆನ್ನುಮೂಳೆ ಬೇರೆ, ಬೆನ್ನುಹುರಿ ಬೇರೆ. ನನಗೂ ಜೂನ್‌ವರೆಗೆ ಎರಡೂ ಒಂದೇ. ಮೂಳೆಗಳು ಒಂದರ ಮೇಲೊಂದು ಜೋಡಿಸಿದ ಬಳೆ ಥರ ಇವೆ ಅಂದ್ಕೊಳ್ಳಿ, ಒಳಗೆ ಟೊಳ್ಳು. ಆ ಟೊಳ್ಳಲ್ಲಿ ಮೆದುಳಿಂದ ಇಳಿದು ಬರೋದು ಬೆನ್ನುಹುರಿ. ನಮ್ಮ ಕಿರುಬೆರಳಿನಷ್ಟು ದಪ್ಪ ಅಷ್ಟೇ. ಕಾಲು ಎತ್ತು ಅನ್ನೋ ಆರ್ಡರ್ ಇಳಿಯೋದೂ ಅದರಲ್ಲೇ, ಚಪ್ಪಲಿ ಜಾರಿತು ಅನ್ನೋ ಸುದ್ದಿ ಮೇಲೆ ಹೋಗೋದೂ ಅದರಲ್ಲೇ.

ಎಲ್ಲೋ ಇರೋ ಕ್ಯಾನ್ಸರ್ ರಕ್ತದಲ್ಲಿ ಬಂದು ಬೆನ್ನುಮೂಳೆಯಲ್ಲಿ ಕೂತ್ಕೊಳ್ಳುತ್ತೆ. ಬೆಳೀತಾ ಬೆಳೀತಾ ಟೊಳ್ಳಿನೊಳಗೆ ಬಂದು ಹುರಿಯನ್ನ ಒತ್ತುತ್ತೆ. ಮೊದಲು ರಕ್ತ ವಾಪಸ್ ಹೋಗೋ ಸಣ್ಣ ನಾಳಗಳು ಮುಚ್ಚಿ ಹುರಿ ಊದಿಕೊಳ್ಳುತ್ತೆ. ಆ ಹಂತದಲ್ಲಿ ಊತ ಇಳಿಸಿದ್ರೆ ಕಾಲು ವಾಪಸ್ ಬರೋ ಚಾನ್ಸ್ ಇದೆ. ಇನ್ನೂ ಬಿಟ್ಟರೆ ರಕ್ತವೇ ಹೋಗದೆ ನರ ಸಾಯುತ್ತೆ. ಸತ್ತ ನರಕ್ಕೆ ಮದ್ದಿಲ್ಲ. ಈ ಎರಡು ಹಂತದ ಮಧ್ಯೆ ಕೆಲವರಿಗೆ ವಾರಗಳು ಸಿಗುತ್ತೆ, ಕೆಲವರಿಗೆ ಗಂಟೆಗಳು.

ಜಾಸ್ತಿ ಇದು ಆಗೋದು ಎದೆ ಭಾಗದ ಬೆನ್ನಲ್ಲಿ. ಅಪ್ಪನಿಗೆ ಆಗಿದ್ದು ಅಲ್ಲೇ, ಎಂಟನೇ ಮೂಳೆ. ಹಗ್ಗ ಬಿಗಿದ ಹಾಗಿನ ನೋವು ಗ್ಯಾಸ್ ಅಲ್ಲ, ಅಲ್ಲಿಂದ ಹೊರಟು ಪಕ್ಕೆ ಸುತ್ತಿ ಬರೋ ನರದ್ದು. ಇನ್ನೊಂದು ವಿಷಯ ಕೇಳಿ ನನಗೆ ಸ್ವಲ್ಪ ಸಮಾಧಾನ, ಸ್ವಲ್ಪ ಸಿಟ್ಟು ಎರಡೂ ಆಯ್ತು. ಹೀಗೆ ಹುರಿ ಒತ್ತಿಸಿಕೊಂಡು ಬರೋರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರಿಗೆ ಕ್ಯಾನ್ಸರ್ ಇದೆ ಅಂತ ಗೊತ್ತಾಗೋದೇ ಅವತ್ತು. ನಾವು ಒಬ್ಬರೇ ದಡ್ಡರಲ್ಲ.

ಹೆದರಬೇಡಿ. ನಿಮ್ಮಪ್ಪ ಅಮ್ಮಂದಿರ ಬೆನ್ನು ನೋವಲ್ಲಿ ಬಹುಪಾಲು ನಿಜವಾಗಿಯೂ ಹೊರೆ ಹೊತ್ತ ನೋವೇ. ನಾನು ಹೇಳ್ತಿರೋದು ಮಲಗಿದ್ರೆ ಜಾಸ್ತಿಯಾಗೋ, ರಾತ್ರಿ ಎಬ್ಬಿಸೋ, ವಾರ ವಾರಕ್ಕೂ ಏರೋ ನೋವಿನ ಬಗ್ಗೆ. ಅದರ ಜೊತೆ ಕಾಲು ಭಾರ, ಮರಗಟ್ಟೋದು, ಮೂತ್ರ ಕಟ್ಟೋದು ಸೇರಿದ್ರೆ ಅವತ್ತೇ ಹೋಗಬೇಕು. ಇಂಗ್ಲೆಂಡಿನ ನೈಸ್ ಅನ್ನೋ ಸಂಸ್ಥೆ 2023ರಲ್ಲಿ ಡಾಕ್ಟರುಗಳಿಗೆ ಅಂತ ಮಾಡಿರೋ ನಿಯಮದಲ್ಲಿ, ಇಂಥ ಲಕ್ಷಣ ಇದ್ರೆ 24 ಗಂಟೆಯೊಳಗೆ ಎಂಆರ್‌ಐ ಆಗಬೇಕು ಅಂತಿದೆ. ಗೂಡು ಹೋಗೋವರೆಗೆ ಅಂತ ಇಲ್ಲ.

ಭಾಗ 5

ಜೂನ್ 18, ಸಂಜೆ ನಾಲ್ಕು. ಹುಳ ಹಣ್ಣಾಗಿತ್ತು. ಚಂದ್ರಿಕೆ ಎತ್ಕೊಂಡು ಹೊರಗೆ ಬರ್ತಾ ಅಪ್ಪ ಹೊಸ್ತಿಲಲ್ಲಿ ಬಿದ್ರು. ಎಡವಿ ಬೀಳೋ ಹಾಗಲ್ಲ, ಕೆಳಗಡೆ ಏನೂ ಇಲ್ಲ ಅನ್ನೋ ಹಾಗೆ ಕುಸಿದ್ರು. ಬಿದ್ದ ಮೇಲೂ ಮೊದಲು ಹೇಳಿದ್ದು "ಹುಳ ತುಳೀಬೇಡಿ".

ಎತ್ತಿ ನಿಲ್ಲಿಸಿದ್ರೆ ನಿಲ್ತಾರೆ, ಬಿಟ್ರೆ ಬೀಳ್ತಾರೆ. ಪಕ್ಕದ ಮನೆ ಕಾರಲ್ಲಿ ಹಿಂದಿನ ಸೀಟಲ್ಲಿ ಕೂರಿಸಿ, ನಾನು ತಮ್ಮ ಎರಡು ಕಡೆ ಹಿಡಿದು ಚಿಕ್ಕಬಳ್ಳಾಪುರಕ್ಕೆ ಕರ್ಕೊಂಡು ಹೋದ್ವಿ. ಅದೂ ತಪ್ಪು ಅಂತ ಆಮೇಲೆ ಗೊತ್ತಾಯ್ತು. ಮೂಳೆ ಎಷ್ಟು ಗಟ್ಟಿ ಇದೆ ಅಂತ ಗೊತ್ತಿಲ್ಲದಾಗ ಚಪ್ಪಟೆಯಾಗಿ ಮಲಗಿಸಿಕೊಂಡು ಹೋಗಬೇಕು. 108 ಕರೆದಿದ್ರೆ ಸ್ಟ್ರೆಚರ್ ಇರ್ತಿತ್ತು.

ಅವತ್ತು ಡ್ಯೂಟಿಲಿದ್ದ ಡಾಕ್ಟರ್ ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಬೈಕ್ ಕೀ ತಗೊಂಡು ಅಪ್ಪನ ಅಂಗಾಲಿನ ಮೇಲೆ ಗೀರಿದ್ರು. ಹೆಬ್ಬೆರಳು ಕೆಳಗೆ ಮಡಚೋ ಬದಲು ಮೇಲಕ್ಕೆ ಎದ್ದಿತು. ಅವರ ಮುಖ ಬದಲಾಯ್ತು. ಪಿನ್ನಿಂದ ಪಾದದಿಂದ ಮೇಲಕ್ಕೆ ಚುಚ್ಚುತ್ತಾ ಬಂದ್ರು. "ಇಲ್ಲಿ ಚೂಪು ಗೊತ್ತಾಗುತ್ತಾ ಅಂಕಲ್? ಇಲ್ಲಿ?" ಹೊಕ್ಕಳಿಗಿಂತ ಒಂದು ಗೇಣು ಮೇಲೆ ಬಂದಾಗ ಅಪ್ಪ "ಹಾ, ಈಗ ಗೊತ್ತಾಯ್ತು" ಅಂದ್ರು. ಆಮೇಲೆ ಮೂತ್ರದ ಪ್ರಶ್ನೆ ಕೇಳಿದ್ರು. ಟ್ಯೂಬ್ ಹಾಕಿದ ತಕ್ಷಣ ಬ್ಯಾಗಿಗೆ ಒಂದು ಲೀಟರ್ ಬಂತು. ಅಮ್ಮ ಗೋಡೆ ಕಡೆ ತಿರುಗಿ ಅತ್ತಳು.

ರಾತ್ರಿ ಒಂಬತ್ತಕ್ಕೆ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಟ್ರು. ಸ್ಟೀರಾಯ್ಡ್. ಹುರಿಯ ಊತ ಇಳಿಸೋದಕ್ಕೆ. ಚೀಟಿಯಲ್ಲಿ ಇಡೀ ಬೆನ್ನಿನ ಎಂಆರ್‌ಐ ಅಂತ ಬರೆದು, "ನಾಳೆ ಬೆಳಿಗ್ಗೆ ಅಂತ ಯೋಚನೆ ಮಾಡಬೇಡಿ, ಈಗಲೇ ಬೆಂಗಳೂರಿಗೆ ಹೊರಡಿ" ಅಂದ್ರು. ಅವರ ಹೆಸರು ಕೇಳಬೇಕು ಅಂತ ನನಗೆ ಹೊಳೀಲೇ ಇಲ್ಲ. ಆಂಬುಲೆನ್ಸಲ್ಲಿ ದೇವನಹಳ್ಳಿ ದಾಟುವಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ, "ಚಂದ್ರಿಕೆಗೆ ಹುಳ ಬಿಡೋರು ಯಾರು?"

ಬಿಟ್ಟಿದ್ದು ಗೌರಿಬಿದನೂರಿನ ಅತ್ತೆ. ಸುದ್ದಿ ಕೇಳಿ ಸಿಕ್ಕ ಗಾಡಿ ಹತ್ತಿ ಬಂದು, ಚಿಕ್ಕಪ್ಪನ ಜೊತೆ ಇಡೀ ರಾತ್ರಿ ಹುಳ ಆರಿಸಿ ಹಾಕಿದ್ದಾರೆ.

ಭಾಗ 6

ಕಿದ್ವಾಯಿ ಆಸ್ಪತ್ರೆ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಹತ್ತಿರ ಇದೆ. 1973ರಲ್ಲಿ ಶುರುವಾಗಿದ್ದು, ಕೇಂದ್ರ ಮಂತ್ರಿಯಾಗಿದ್ದ ರಫಿ ಅಹಮದ್ ಕಿದ್ವಾಯಿ ಅವರ ಹೆಸರು. ನಾನು ಅದುವರೆಗೆ ಅದನ್ನ ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದ್ದೆ. ಒಳಗೆ ಹೋದ್ರೆ ರಾಯಚೂರು, ಕಲಬುರಗಿ, ಅನಂತಪುರ, ಎಲ್ಲಿಂದ ಬೇಕಾದ್ರೂ ಜನ. ಬಕೆಟ್ಟು, ಚಾಪೆ, ಪ್ಲಾಸ್ಟಿಕ್ ಕವರಲ್ಲಿ ಸ್ಕ್ಯಾನ್ ಫಿಲ್ಮು. ನಾವು ಹೋಗಿದ್ದು 19ರ ಬೆಳಿಗ್ಗೆ, ರಾತ್ರಿಯೇ ತೆಗೆಸಿದ್ದ ಎಂಆರ್‌ಐ ಹಿಡ್ಕೊಂಡು.

ಫಿಲ್ಮ್ ನೋಡಿದ ಡಾಕ್ಟರಮ್ಮ ಮೊದಲು ಅಪ್ಪನಿಗೆ ಕಾಲು ಎತ್ತಿ ಅಂದ್ರು. ಬಲಗಾಲು ಎದ್ದಿತು. ಎಡಗಾಲು ಹಾಸಿಗೆ ಮೇಲೆ ಪಕ್ಕಕ್ಕೆ ಸರೀತು, ಮೇಲೆ ಏಳಲಿಲ್ಲ. "ಹಿಡ್ಕೊಂಡ್ರೆ ನಿಲ್ತಾರಾ?" ನಿಲ್ತಾರೆ ಅಂದೆ. "ಒಳ್ಳೇದು" ಅಂದ್ರು. ಆ ಒಳ್ಳೇದು ಯಾಕೆ ಅಂತ ಆಮೇಲೆ ಓದಿ ತಿಳ್ಕೊಂಡೆ. ಟ್ರೀಟ್‌ಮೆಂಟ್ ಶುರುವಾದ ದಿನ ನಡೀತಿದ್ರೆ ಆಮೇಲೂ ನಡೆಯೋ ಸಾಧ್ಯತೆ ಜಾಸ್ತಿ. ಪೂರ್ತಿ ಬಿದ್ದ ಮೇಲೆ ಬಂದವರಲ್ಲಿ ಎದ್ದು ನಡೆಯೋರು ಕಡಿಮೆ.

ಆಪರೇಷನ್ನಾ, ರೇಡಿಯೇಷನ್ನಾ ಅನ್ನೋದು ದೊಡ್ಡ ಪ್ರಶ್ನೆ. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ಯಾಚೆಲ್ ಅನ್ನೋ ಅಮೆರಿಕದ ಡಾಕ್ಟರ್ ತಂಡದ ಒಂದು ಅಧ್ಯಯನ ಬಂದಿತ್ತು, 101 ಜನರ ಮೇಲೆ. ಬರೀ ರೇಡಿಯೇಷನ್ ತಗೊಂಡವರಲ್ಲಿ ಆಮೇಲೆ ನಡೆದವರು ನೂರಕ್ಕೆ 57. ಮೊದಲು ಆಪರೇಷನ್ ಮಾಡಿ ಹುರಿ ಬಿಡಿಸಿ ಆಮೇಲೆ ರೇಡಿಯೇಷನ್ ಕೊಟ್ಟವರಲ್ಲಿ 84. ಇದನ್ನ ರಾತ್ರಿ ವಾರ್ಡಿನ ಹೊರಗೆ ಮೊಬೈಲಲ್ಲಿ ಓದಿ, ಬೆಳಿಗ್ಗೆ ಡಾಕ್ಟರಮ್ಮನ ಮುಂದೆ ನಿಂತು "ಮೇಡಂ, 84 ಪರ್ಸೆಂಟ್, ನಮಗೆ ಯಾಕೆ ಆಪರೇಷನ್ ಮಾಡ್ತಿಲ್ಲ?" ಅಂತ ಕೇಳಿಬಿಟ್ಟೆ. ಬೈತಾರೆ ಅಂದ್ಕೊಂಡಿದ್ದೆ. ಬೈಲಿಲ್ಲ, ಕೂರಿಸಿ ಹೇಳಿದ್ರು. ಆ ಅಧ್ಯಯನಕ್ಕೆ ತಗೊಂಡಿದ್ದು ಒಂದೇ ಜಾಗದಲ್ಲಿ ಹುರಿ ಒತ್ತಿದ್ದವರನ್ನ, ದೊಡ್ಡ ಆಪರೇಷನ್ ತಡೆಯೋ ಶಕ್ತಿ ಇದ್ದವರನ್ನ ಮಾತ್ರ. ಅಪ್ಪನಿಗೆ ಎಂಟನೇ ಮೂಳೆ ಅಲ್ಲದೆ ಸೊಂಟದ ಮೂರನೇ ಮೂಳೆ, ಎರಡು ಪಕ್ಕೆಲುಬಲ್ಲೂ ಇತ್ತು. ಬೆನ್ನು ಕುಸಿಯೋ ಹಾಗಿರಲಿಲ್ಲ. ಶ್ವಾಸಕೋಶ ಅಷ್ಟು ಚೆನ್ನಾಗಿರಲಿಲ್ಲ. ಅಂಥವರಿಗೆ ಬೆನ್ನು ತೆರೆದು, ಗಾಯ ಒಣಗೋಕೆ ವಾರಗಟ್ಟಲೆ ಕಾದು, ಅಷ್ಟು ದಿನ ರೇಡಿಯೇಷನ್ ಮುಂದೂಡೋದರಿಂದ ಲಾಭಕ್ಕಿಂತ ನಷ್ಟ ಹೆಚ್ಚು. ಬಿಕಾಂ ಓದ್ತಿದ್ದೀನಿ ಅಂದಿದ್ದಕ್ಕೋ ಏನೋ, ಲಾಭ ನಷ್ಟ ಅಂತಲೇ ಹೇಳಿದ್ರು.

20ಕ್ಕೆ ಸೂಜಿ ಹಾಕಿ ಮೂಳೆಯಿಂದ ಚೂರು ತೆಗೆದ್ರು. 21ಕ್ಕೆ ರೇಡಿಯೇಷನ್ ಶುರು. ಬೆನ್ನ ಮೇಲೆ ಇಂಕಲ್ಲಿ ಗುರುತು ಹಾಕಿ, ಅಳಿಸಬೇಡಿ ಅಂದ್ರು. ಹತ್ತು ಸಲ, ದಿನಕ್ಕೆ ಒಂದು. ಮಷಿನ್ ಕೆಳಗೆ ಮಲಗೋದು ಕೆಲವೇ ನಿಮಿಷ, ಉರಿಯಲ್ಲ, ನೋಯಲ್ಲ. ಕೆಲವರಿಗೆ ಒಂದೇ ದೊಡ್ಡ ಡೋಸ್ ಕೊಟ್ಟು ಕಳಿಸೋದೂ ಉಂಟು. ದೂರದಿಂದ ಬರೋರಿಗೆ, ತುಂಬಾ ಸುಸ್ತಾಗಿರೋರಿಗೆ ಅದು ದೊಡ್ಡ ಉಪಕಾರ.

ಭಾಗ 7

ಈಗ ಎಲ್ಲರೂ ಕೇಳೋ ಪ್ರಶ್ನೆ. "ಯಾವ ಕ್ಯಾನ್ಸರ್?"

ಗೊತ್ತಿಲ್ಲ.

ಬಯಾಪ್ಸಿ ರಿಪೋರ್ಟಲ್ಲಿ ಅಡಿನೋಕಾರ್ಸಿನೋಮಾ ಅಂತ ಬಂತು. ಅಂದ್ರೆ ರಸ ಸುರಿಸೋ ಯಾವುದೋ ಅಂಗದಿಂದ ಹೊರಟಿದ್ದು. ಅದು ಶ್ವಾಸಕೋಶ ಇರಬಹುದು, ಹೊಟ್ಟೆ, ಪಿತ್ತನಾಳ, ಮೇದೋಜೀರಕ, ಪ್ರಾಸ್ಟೇಟ್. ಪಿಎಸ್ಎ ನಾರ್ಮಲ್. ಎದೆ, ಹೊಟ್ಟೆ ಸಿಟಿ ಸ್ಕ್ಯಾನ್‌ನಲ್ಲಿ ಮೂಲ ಗಡ್ಡೆ ಇಲ್ಲ. ಎಂಡೋಸ್ಕೋಪಿಯಲ್ಲಿ ಇಲ್ಲ. ಆ ಚೂರಿಗೇ ಬಣ್ಣ ಹಾಕಿ ಯಾವ ಅಂಗದ ಗುರುತಿದೆ ಅಂತ ನೋಡೋ ಟೆಸ್ಟ್ ಇದೆ, ಅದರಲ್ಲೂ ಬೆರಳು ತೋರಿಸಿ ಇದೇ ಅನ್ನೋ ಹಾಗೆ ಏನೂ ಬರಲಿಲ್ಲ. ಪೆಟ್ ಸ್ಕ್ಯಾನ್‌ನಲ್ಲಿ ಮೂಳೆಗಳು ಹೊಳೆದ್ವು, ಬೇರೇನೂ ಹೊಳೀಲಿಲ್ಲ. ಕೊನೆಗೆ ಫೈಲಿನ ಮೇಲೆ ಮೂಲ ಪತ್ತೆಯಾಗದ ಕ್ಯಾನ್ಸರ್ ಅಂತ ಬರೆದ್ರು. ಅದು ಡಾಕ್ಟರಿಗೆ ಗೊತ್ತಾಗಲಿಲ್ಲ ಅನ್ನೋದರ ಸಭ್ಯ ಮಾತಲ್ಲ, ಅದೇ ಒಂದು ಕಾಯಿಲೆಯ ಹೆಸರು. ಮೂಲ ಗಡ್ಡೆ ತುಂಬಾ ಚಿಕ್ಕದಿರಬಹುದು, ಅಥವಾ ದೇಹವೇ ಅದನ್ನ ಕೊಂದು ಹಾಕಿ, ಅಷ್ಟರಲ್ಲಿ ತಪ್ಪಿಸಿಕೊಂಡು ಹೋದದ್ದು ಮಾತ್ರ ಉಳಿದಿರಬಹುದು.

ನಮ್ಮ ಕ್ಲಾಸಿನವರಿಗೆ ನಾನು ಹೇಳೋದು ಒಂದೇ ಉದಾಹರಣೆ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ರೆ ಏನ್ ಮಾಡ್ತೀವಿ? ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟಿಗೆ ಹಾಕಿ ಮುಂದಕ್ಕೆ ಹೋಗ್ತೀವಿ. ತಪ್ಪು ಸಿಕ್ಕಿದ ದಿನ ಸರಿ ಮಾಡ್ತೀವಿ, ಅದು ಸಿಗೋವರೆಗೆ ಅಂಗಡಿ ಬಾಗಿಲು ಹಾಕಲ್ಲ. ಅಪ್ಪನ ಕ್ಯಾನ್ಸರ್ ಸಸ್ಪೆನ್ಸ್ ಅಕೌಂಟಲ್ಲಿದೆ. ಡಾಕ್ಟರಮ್ಮ 19ಕ್ಕೇ ಹೇಳಿದ್ರು, "ಎಲ್ಲಿಂದ ಬಂತು ಅಂತ ಆಮೇಲೆ ಹುಡುಕಬಹುದಮ್ಮ. ಕಾಲು ಆಮೇಲೆ ಸಿಗಲ್ಲ." ನಾನು ಅವತ್ತು ಮೂಲ ಯಾವುದು, ಮೂಲ ಯಾವುದು ಅಂತ ಅವರ ಹಿಂದೆಯೇ ಓಡ್ತಿದ್ದೆ. ಅದು ಗೊತ್ತಾದ್ರೆ ಮಾತ್ರ ಔಷಧಿ ಶುರು ಅಂದ್ಕೊಂಡಿದ್ದೆ. ಹಾಗಿಲ್ಲ.

ಭಾಗ 8

ನೆಂಟರ ವಿಷಯ ಚಿಕ್ಕದಾಗಿ. ಹೆಸರಿಲ್ಲದ ಕಾಯಿಲೆ ಜನಕ್ಕೆ ಸಮಾಧಾನ ಕೊಡಲ್ಲ. "ಬೀಡಿ ಸೇದ್ತಿದ್ರಾ?" ಇಲ್ಲ. "ಗುಟ್ಕಾ?" ಇಲ್ಲ. "ತೋಟಕ್ಕೆ ಔಷಧಿ ಹೊಡೀತಿದ್ರಲ್ಲ?" ಎಲ್ಲರೂ ಹೊಡೀತಾರೆ. ಏನೂ ಸಿಗದಿದ್ರೆ ಕೊನೆಗೆ ಮಾತು ಬಂದು ನಿಲ್ಲೋದು "ಡಾಕ್ಟರ್ ಸರಿಯಿಲ್ಲ, ಬೇರೆ ಕಡೆ ತೋರಿಸಿ" ಅನ್ನೋದರಲ್ಲಿ. ಒಬ್ಬರಂತೂ ರೇಡಿಯೇಷನ್ ಅರ್ಧಕ್ಕೆ ಬಿಡಿಸಿ ಯಾವುದೋ ಬೇರಿನ ಕಷಾಯಕ್ಕೆ ಕರ್ಕೊಂಡು ಹೋಗೋಣ ಅಂತ ಆಸ್ಪತ್ರೆಗೇ ಬಂದಿದ್ರು. ಅಮ್ಮ ಅವರಿಗೆ ಕಾಫಿ ಕೊಡಿಸಿ, ಬಸ್ ಸ್ಟ್ಯಾಂಡ್‌ವರೆಗೆ ಕಳಿಸಿ ಬಂದ್ಲು. ಏನು ಹೇಳಿದ್ಲೋ, ಅವರು ಮತ್ತೆ ಫೋನ್ ಮಾಡಿಲ್ಲ.

ಭಾಗ 9

ಸ್ಟೀರಾಯ್ಡ್ ಬಗ್ಗೆ ಯಾರೂ ಹೇಳದೇ ಇರೋ ವಿಷಯ: ಹಸಿವು. ರಾತ್ರಿ ಹನ್ನೊಂದಕ್ಕೆ ಅಪ್ಪ ಮುದ್ದೆ ಕೇಳೋರು. ವಾರ್ಡಲ್ಲಿ ಮುದ್ದೆ ಎಲ್ಲಿಂದ ತರೋಣ? ಬ್ರೆಡ್ ಕೊಟ್ರೆ "ಇದು ಊಟಾನಾ?" ಅಂತ ಸಿಟ್ಟು. ಜೀವನದಲ್ಲಿ ಜೋರಾಗಿ ಮಾತಾಡದ ಮನುಷ್ಯ ನರ್ಸಿಗೆ ಬೈದುಬಿಟ್ರು. ಆಕೆ ನಕ್ಕು "ಔಷಧಿ ಮಾತಾಡ್ತಿದೆ, ಬೇಜಾರ್ ಮಾಡ್ಕೋಬೇಡ" ಅಂದ್ರು. ಶುಗರ್ ಏರಿತು, ಹೊಟ್ಟೆ ಉರಿಯದ ಹಾಗೆ ಮಾತ್ರೆ ಕೊಟ್ರು. ಈ ಸ್ಟೀರಾಯ್ಡ್ ನಾವೇ ಒಂದೇ ಸಲಕ್ಕೆ ನಿಲ್ಲಿಸೋ ಹಾಗಿಲ್ಲ, ಮೆಲ್ಲ ಮೆಲ್ಲ ಇಳಿಸಬೇಕು.

ಮಾರ್ಫಿನ್ ಅಂದ ತಕ್ಷಣ ಅಪ್ಪ ಬೇಡ ಅಂದ್ರು, ಚಟ ಹತ್ತುತ್ತೆ ಅಂತ. ಒಂದು ದಿನ ನೋವಲ್ಲಿ ಹಲ್ಲು ಕಚ್ಚಿಕೊಂಡೇ ಕಳೆದ್ರು. ಕ್ಯಾನ್ಸರ್ ನೋವಿಗೆ ಡಾಕ್ಟರ್ ಹೇಳಿದ ಅಳತೆಯಲ್ಲಿ ತಗೊಳ್ಳೋರಿಗೂ ಚಟಕ್ಕೆ ತಗೊಳ್ಳೋರಿಗೂ ಸಂಬಂಧ ಇಲ್ಲ ಅಂತ ಎರಡು ಸಲ ಹೇಳಿದ ಮೇಲೆ ತಗೊಂಡ್ರು. ಅವತ್ತು ರಾತ್ರಿ ಅವರು ಅಡ್ಡ ಮಲಗಿ ನಿದ್ದೆ ಮಾಡಿದ್ದನ್ನ ನಾನು ಯುಗಾದಿ ಆದಮೇಲೆ ಮೊದಲ ಸಲ ನೋಡಿದ್ದು. ಮಲಬದ್ಧತೆ ಮಾತ್ರ ಖಂಡಿತ ಆಗುತ್ತೆ, ಅದಕ್ಕೆ ಔಷಧಿ ಜೊತೆಯಲ್ಲೇ ಕೇಳಿ ತಗೊಳ್ಳಿ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಇಲ್ಲದಿದ್ರೆ ಹುಣ್ಣಾಗುತ್ತೆ. ನಾನು ಅಲಾರಾಂ ಇಡೋಕೆ ಹೋದ್ರೆ ಅಮ್ಮ ಬೇಡ ಅಂದ್ಲು. ಇಪ್ಪತ್ತೈದು ವರ್ಷ ರಾತ್ರಿ ಎದ್ದು ಹುಳಕ್ಕೆ ಸೊಪ್ಪು ಹಾಕಿದವಳಿಗೆ ಅಲಾರಾಂ ಯಾಕೆ.

ಮೂತ್ರದ ಟ್ಯೂಬ್ ಆರು ವಾರ ಇತ್ತು. ಮಗಳು ಬ್ಯಾಗ್ ಖಾಲಿ ಮಾಡೋದು ಅಂದ್ರೆ ಅಪ್ಪನಿಗೆ ಪ್ರಾಣಸಂಕಟ. ಮೊದಲ ಎರಡು ದಿನ ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವರ ಹಾಗೆ ನಟಿಸ್ತಿದ್ರು. ಮೂರನೇ ದಿನ "ಎಷ್ಟಾಯ್ತು?" ಅಂತ ಕೇಳಿದ್ರು. 400 ಎಂಎಲ್ ಅಂದೆ. "ಬರಕೋ" ಅಂದ್ರು. ಆಮೇಲಿಂದ ಅದೂ ಒಂದು ಲೆಕ್ಕ.

ಒಂದು ಲೆಕ್ಕ ನಾನು ಅಪ್ಪನಿಗೆ ತೋರಿಸಿಲ್ಲ. ಚಪ್ಪಲಿ ಜಾರಿದ್ದು ಜೂನ್ 9. ಇಂಜೆಕ್ಷನ್ ಬಿದ್ದಿದ್ದು ಜೂನ್ 18. ಒಂಬತ್ತು ದಿನ. ಆ ಒಂಬತ್ತು ದಿನದಲ್ಲಿ ನಾನು ಮನೆಯಲ್ಲೇ ಇದ್ದೆ, ಫೋನ್ ಕೈಯಲ್ಲೇ ಇತ್ತು, ರೀಲ್ ಹಾಕಿದ್ದೆ, ಕಾಮೆಂಟಿಗೆಲ್ಲ ರಿಪ್ಲೈ ಮಾಡಿದ್ದೆ.

ಭಾಗ 10

ಕೊನೆಯದು. ಫೋಟೋದಲ್ಲಿ ವಾಕರ್, ಪಕ್ಕದಲ್ಲಿ ಎರಡೂ ಚಪ್ಪಲಿ.

ಬಲಗಾಲು ಪೂರ್ತಿ ವಾಪಸ್ ಬಂದಿದೆ. ಎಡಗಾಲು ಅರ್ಧ. ಅಪ್ಪ ವಾಕರ್ ಹಿಡಿದು ಜಗಲಿವರೆಗೆ ಹೋಗಿ ಬರ್ತಾರೆ. ಪಾದಕ್ಕೆ ಒಂದು ಪಟ್ಟಿ ಕಟ್ಟಿದ್ದಾರೆ, ಉಜ್ಜದ ಹಾಗೆ. ಟ್ಯೂಬ್ ತೆಗೆದಾಗಿದೆ. ಮೂರು ವಾರಕ್ಕೊಮ್ಮೆ ಕೀಮೋ, ಕಾರ್ಬೋಪ್ಲಾಟಿನ್, ಪ್ಯಾಕ್ಲಿಟಾಕ್ಸೆಲ್ ಎರಡೂ ಸೇರಿಸಿ. ಮೂಲ ಗೊತ್ತಿಲ್ಲದಾಗ ಹೆಚ್ಚಾಗಿ ಕೊಡೋದು ಈ ಜೋಡಿ. ಇದು ವಾಸಿ ಮಾಡಲ್ಲ, ತಡೆ ಹಿಡಿಯುತ್ತೆ ಅಂತ ಡಾಕ್ಟರಮ್ಮ ನೇರವಾಗಿ ಹೇಳಿದ್ದಾರೆ. ಎಷ್ಟು ದಿನ ಅಂತ ಅಪ್ಪನೇ ಕೇಳಿದ್ರು. ಅವರು ಹೇಳಿದ್ರು. ಅದನ್ನ ಇಲ್ಲಿ ಬರೆಯಲ್ಲ.

ಕೆಲವರು ಖರ್ಚು ಕೇಳಿದ್ರಿ. ಬಿಪಿಎಲ್ ಕಾರ್ಡ್ ಇರೋ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ರೇಡಿಯೇಷನ್, ಕೀಮೋ ಅದರಲ್ಲೇ ಆಯ್ತು. ರಾತ್ರಿ ಮಾಡಿಸಿದ ಎಂಆರ್‌ಐ ಮಾತ್ರ ಕೈಯಿಂದ. ಅದಕ್ಕೆ ಅಮ್ಮನ ಚೀಟಿ ದುಡ್ಡು. ರೇಷನ್ ಕಾರ್ಡು, ಎಲ್ಲರ ಆಧಾರ್ ಝೆರಾಕ್ಸ್ ಒಂದು ಕವರಲ್ಲಿ ಹಾಕಿ ಮನೆಯಲ್ಲಿ ಎಲ್ಲರಿಗೂ ಗೊತ್ತಿರೋ ಜಾಗದಲ್ಲಿ ಇಡಿ. ನಾವು ಅವತ್ತು ರೇಷನ್ ಕಾರ್ಡ್ ಹುಡುಕೋಕೆ ಅರ್ಧ ಗಂಟೆ ಕಳೆದಿದ್ವಿ, ಅದು ಹುಳದ ಮನೆ ಕ್ಯಾಲೆಂಡರ್ ಹಿಂದೆ ಇತ್ತು. ಕಿದ್ವಾಯಿ ಆವರಣದಲ್ಲಿ ಧರ್ಮಶಾಲೆ ಇದೆ, ಹೊರಗೆ ರೂಮ್ ಮಾಡೋ ಮುಂಚೆ ಅಲ್ಲಿ ಕೇಳಿ.

ಆ ಬೆಳೆ ಏನಾಯ್ತು ಅಂತ ಕೇಳಿದವರಿಗೆ: ಗೂಡು ಚೆನ್ನಾಗೇ ಬಂತು. ಚಿಕ್ಕಪ್ಪ ಮಾರ್ಕೆಟ್ಟಿಗೆ ಹಾಕಿ ಆಸ್ಪತ್ರೆಗೆ ಫೋನ್ ಮಾಡಿ ರೇಟ್ ಹೇಳಿದ್ರು. ಅಪ್ಪ ಮಲಗಿದ್ದಲ್ಲೇ "ಇನ್ನೊಂದು ಸ್ವಲ್ಪ ಕೇಳಬೇಕಿತ್ತು" ಅಂದ್ರು.

ಈಗ ಬೇರೆ ಬೆಳೆ ಇದೆ, ಮೊದಲಿನ ಅರ್ಧದಷ್ಟು. ಅಮ್ಮ, ತಮ್ಮ ನೋಡ್ಕೊಳ್ತಾರೆ. ಎರಡನೇ ಜ್ವರ ಆಗಿದೆ. ಅಪ್ಪ ಕುರ್ಚಿ ಹಾಕಿಸಿಕೊಂಡು ಬಾಗಿಲಲ್ಲಿ ಕೂತು, ಸೊಪ್ಪು ಒದ್ದೆ ಇದೆ, ಗಾಳಿ ಸಾಲದು ಅಂತ ಎಲ್ಲರ ತಲೆ ತಿಂತಾರೆ.

ಶುಕ್ರವಾರ ಐದನೇ ಕೀಮೋ. ಸೋಮವಾರ ಇಂಟರ್ನಲ್ಸ್. ಅಟೆಂಡೆನ್ಸ್ ವಿಷಯ ಸರ್ ಹತ್ರ ಮಾತಾಡಿದ್ದೀನಿ, ಬಿಡ್ತಾರೆ ಅನ್ನಿಸುತ್ತೆ. ಕಾಸ್ಟ್ ಅಕೌಂಟಿಂಗ್ ಮೂರನೇ ಯೂನಿಟ್ ನೋಟ್ಸ್ ಇರೋರು ಫೋಟೋ ತೆಗೆದು ಕಳಿಸ್ರಪ್ಪಾ. ಕಾಣೋ ಹಾಗೆ ತೆಗೀರಿ, ಹೋದ ಸಲ ಕಳಿಸಿದ್ದರಲ್ಲಿ ಬರೀ ಹೆಬ್ಬೆರಳಿತ್ತು.